ಬಾಗಿಲು ಹಾಕಿದ ಮೇಲೆ ಬಂದ ಫೋನು

ಮೊನ್ನೆ ಬೆಳಗಿನ ಪತ್ರಿಕೆಯ ಒಳಪುಟದಲ್ಲಿ, ವಿಮಾನ ಹಾರುತ್ತಿರುವಾಗಲೂ ಪ್ರಯಾಣಿಕರು ಫೋನಿನಲ್ಲಿ ಮಾತಾಡಲು ಬಿಡುತ್ತಾರಂತೆ ಎಂಬ ಸುದ್ದಿ ಇತ್ತು. ನೀವಾಗಿದ್ದರೆ ಪುಟ ತಿರುಗಿಸುತ್ತಿದ್ದಿರಿ. ನಾನು ಕಾಫಿ ತಣ್ಣಗಾಗುವವರೆಗೂ ಅದನ್ನೇ ನೋಡುತ್ತ ಕೂತಿದ್ದೆ.

ಇದು ವಿಮಾನ ನಿಲ್ದಾಣ ದೇವನಹಳ್ಳಿ ಕಡೆಗೆ ಬಂದ ಹೊಸತರ ಮಾತು. ಚಿಕ್ಕಬಳ್ಳಾಪುರದ ನಮ್ಮ ಮನೆಯ ಮೇಲೆ ವಿಮಾನ ಹೋದಾಗಲೆಲ್ಲ ಅಮ್ಮ ಅಂಗಳಕ್ಕೆ ಬಂದು ಕತ್ತೆತ್ತಿ ನೋಡುತ್ತಿದ್ದಳು. ನಾನು ಬ್ಯಾಂಕಿನ ಗುಮಾಸ್ತ. ರಜೆಯ ಪ್ರವಾಸಕ್ಕೆಂದು ಬ್ಯಾಂಕು ಕೊಡುವ ಸೌಲಭ್ಯದಲ್ಲಿ ಅಮ್ಮನನ್ನು ದೆಹಲಿಗೆ ಕರೆದುಕೊಂಡು ಹೊರಟೆ. ಇಬ್ಬರಿಗೂ ಅದೇ ಮೊದಲ ವಿಮಾನ. ಆದರೆ ನಾನು ಹತ್ತು ಸಲ ಹಾರಿದವನ ಹಾಗೆ ಮುಖ ಮಾಡಿಕೊಂಡಿದ್ದೆ. ಮೇಲಿನಿಂದ ನಂದಿ ಬೆಟ್ಟ ತೋರಿಸಬೇಕೆಂದು ಅವಳಿಗೆ ಕಿಟಕಿಯ ಸೀಟು ಕೇಳಿ ಪಡೆದಿದ್ದೆ. ಎದುರಿನ ಚೀಲದಲ್ಲಿದ್ದ ಸೂಚನೆಗಳ ಹಾಳೆಯನ್ನು ಎರಡು ಸಲ ಓದಿದೆ. ನಿಯಮವೆಂದರೆ ನನಗೆ ಅಷ್ಟು ಭಯಭಕ್ತಿ. ಸಹಿ ಒಂಚೂರು ಸೊಟ್ಟಗಿದೆಯೆಂದು ಸ್ವಂತ ದೊಡ್ಡಪ್ಪನನ್ನೇ ಕೌಂಟರಿನಿಂದ ವಾಪಸು ಕಳಿಸಿದವನು ನಾನು.

ವಿಮಾನದ ಬಾಗಿಲು ಹಾಕಿದರು. ಆಗ ಅಮ್ಮನ ಕರವಸ್ತ್ರದ ಗಂಟಿನೊಳಗಿನ ಫೋನು ಹೊಡೆದುಕೊಂಡಿತು. ಅವಳು ಆತುರದಿಂದ ಬಿಚ್ಚಿ ಕಿವಿಗಿಟ್ಟುಕೊಂಡಳು. “ಹಲೋ… ಯಾರು?” ಎಂದವಳ ಮುಖದ ಬಣ್ಣವೇ ಬದಲಾಯಿತು. ಅಷ್ಟರಲ್ಲಿ ಗಗನಸಖಿ ಬಂದು ನಿಂತು, “ಮೇಡಂ, ಸ್ವಿಚ್ ಆಫ್ ಮಾಡಿ,” ಎಂದಳು. ಮುಂದಿನ ಸಾಲಿನವರು ತಿರುಗಿ ನೋಡಿದರು. ನನಗೆ ಮಾನ ಹೋದಂತಾಯಿತು. ಅಮ್ಮನ ಕೈಯಿಂದ ಫೋನು ಕಿತ್ತುಕೊಂಡು ಕೆಂಪು ಗುಂಡಿ ಒತ್ತಿ ಹಿಡಿದೆ.

“ಪಾರ್ವತಿ ಕಣೋ,” ಎಂದಳು ಅಮ್ಮ.

ಪಾರ್ವತಿ ಚಿಕ್ಕಮ್ಮ ಅಮ್ಮನ ಒಬ್ಬಳೇ ತಂಗಿ. ಕೆಂಚಾರ್ಲಹಳ್ಳಿಯಲ್ಲಿದ್ದುಕೊಂಡು ಅಜ್ಜಿಯನ್ನು ಕೊನೆಯವರೆಗೂ ನೋಡಿಕೊಂಡವಳು. ಅಜ್ಜಿ ಹೋದಾಗ ನಾವು ಗೌರಿಬಿದನೂರಿನಲ್ಲಿದ್ದೆವು. ಸುದ್ದಿ ತಿಳಿದು, ಬಸ್ಸು ಬದಲಿಸಿ ಬದಲಿಸಿ ಅಮ್ಮ ಊರು ಮುಟ್ಟುವಷ್ಟರಲ್ಲಿ, ಮಣ್ಣು ಮಾಡಿ ಬಂದವರು ಸ್ನಾನಕ್ಕೆ ನೀರು ತೋಡುತ್ತಿದ್ದರು. “ಒಂದು ಗಳಿಗೆ ಕಾಯಬಾರ್ದಿತ್ತೇನೇ? ಅಮ್ಮನ ಮುಖ ನೋಡೋಕೂ ಬಿಡಲಿಲ್ವಲ್ಲೇ,” ಎಂದು ಅಮ್ಮ ಕೇಳಿದ್ದೇ ಕೊನೆಯ ಮಾತು. ಐದು ವರ್ಷ ಅಕ್ಕತಂಗಿ ಮಾತಾಡಿರಲಿಲ್ಲ. ಚಿಕ್ಕಮ್ಮನ ಮಗಳು ಮಂಜುಳಾ ಒಮ್ಮೆ ಬ್ಯಾಂಕಿಗೆ ಬಂದಾಗ, ಇರಲಿ ಅಂತ, ಅಮ್ಮನ ನಂಬರು ಬರೆದುಕೊಟ್ಟಿದ್ದವನೂ ನಾನೇ.

ವಿಮಾನ ಮೇಲೆದ್ದಿತು. “ನಂದಿ ಬೆಟ್ಟ ನೋಡಮ್ಮ,” ಎಂದೆ. ಅವಳು ನೋಡಲಿಲ್ಲ.

“ಏನಂದ್ಳು?”

“ಅಕ್ಕಾ ಅಂದ್ಳು. ಅಷ್ಟೇ. ಒಂದು ಗಳಿಗೆ ಕಾಯಬಾರ್ದಿತ್ತೇನೋ?”

ಚಿಕ್ಕಮ್ಮನನ್ನು ಕೇಳಿದ್ದ ಅದೇ ಪ್ರಶ್ನೆ. ಕೆಳಗೆ ಮೋಡ, ಕೈಯಲ್ಲಿ ಸತ್ತುಬಿದ್ದ ಫೋನು. ತಿನ್ನಲು ಕೊಂಡ ಬ್ರೆಡ್ಡನ್ನು ಇಬ್ಬರೂ ಮುಟ್ಟಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಅಮ್ಮ ನನ್ನ ಕಡೆ ತಿರುಗಿದಳು.

“ಒಬ್ಬಳು ಹುಡುಗಿ ಬಂದು ನಿಂತಿದ್ದಕ್ಕೇ ನೀನು ಫೋನು ಕಿತ್ಕೊಂಡುಬಿಟ್ಟೆ. ಅವತ್ತು ಪಾರ್ವತಿ ಮುಂದೆ ಊರೇ ನಿಂತಿತ್ತೇನೋ. ಹೊತ್ತು ಮುಳುಗುತ್ತೆ, ಎತ್ತಿ ಎತ್ತಿ ಅಂತ ಗಂಡಸರು ಅವಸರ ಮಾಡಿರ್ತಾರೆ. ಅವಳೊಬ್ಬಳು ಏನು ಮಾಡ್ತಾಳೆ?”

ದೆಹಲಿಯಲ್ಲಿ ಇಳಿದು ನಿಲ್ದಾಣದ ಒಳಗೆ ಬರುತ್ತಿದ್ದಂತೆ ನಾನೇ ಆ ನಂಬರು ಒತ್ತಿ ಕೊಟ್ಟೆ. ಆ ಫೋನಿನ ದನಿ ಮೂರು ಮಾರು ದೂರಕ್ಕೆ ಕೇಳುತ್ತಿತ್ತು.

“ಕಟ್ ಮಾಡ್ದೆ ಅಲ್ವೇನಕ್ಕ?”

“ಇಲ್ಲ ಕಣೇ, ವಿಮಾನದಲ್ಲಿದ್ದೆ. ಅದರಲ್ಲಿ ಮಾತಾಡಂಗಿಲ್ವಂತೆ.”

“ಸುಳ್ಳು ಹೇಳಿದ್ರೂ ನಂಬಂಗೆ ಹೇಳಕ್ಕ. ವಿಮಾನವಂತೆ!”

ನಾನು ಫೋನು ತೆಗೆದುಕೊಂಡೆ. “ಚಿಕ್ಕಮ್ಮಾ, ಆರಿಸಿದ್ದು ನಾನು. ಅಮ್ಮನ ಕೈಯಿಂದ ಕಿತ್ಕೊಂಡುಬಿಟ್ಟೆ. ತಪ್ಪಾಯ್ತು.”

ಸಂಕಟವಾಗಲಿ ಸಂತೋಷವಾಗಲಿ, ಚಿಕ್ಕಮ್ಮನ ಬಾಯಿಗೆ ತೆಲುಗು ಬರುತ್ತದೆ. “ನಿಜಂಗಾ ನುವ್ವೇನಾ?” ಎಂದು ಕೇಳಿ, ಆರಿಸಿದ್ದು ನಿಜವಾಗಿಯೂ ನಾನೇ ಎಂದು ಖಾತ್ರಿಯಾದ ಮೇಲೆ ಉಸಿರು ಬಿಟ್ಟಳು. “ಸದ್ಯ, ನೀನಾ! ಅಕ್ಕಂಗೆ ಕೊಡಪ್ಪ.”

ಆಮೇಲೆ ವಿಷಯ ಹೊರಬಿತ್ತು. ಮಂಜುಳಾಳನ್ನು ನೋಡಲು ಮಂಚೇನಹಳ್ಳಿಯಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗ ಹೈಸ್ಕೂಲು ಮೇಷ್ಟ್ರು. ಎಲ್ಲರಿಗೂ ಒಪ್ಪಿಗೆ. ನಮ್ಮಕ್ಕನ್ನ ಕೇಳದೆ ಹೂಂ ಅನ್ನಲ್ಲ ಎಂದು ಚಿಕ್ಕಮ್ಮ ಹಟ ಹಿಡಿದಿದ್ದಳು.

“ಅವರನ್ನ ಅವಾಗಿಂದ ಕೂರಿಸಿದೀಯೇನೇ? ಮೂರು ಗಂಟೆ ಹೊತ್ತಾಯ್ತಲ್ಲೇ!”

“ಕೂತವ್ರೆ. ಎರಡು ಸಲ ಕಾಫಿ ಆಯ್ತು. ಈಗ ಉಪ್ಪಿಟ್ಟಿಗೆ ರವೆ ಹುರೀತಿದೀನಿ.”

“ನಾನು ಕಟ್ ಮಾಡಿದೀನಿ ಅಂದ್ಕೊಂಡೂ ಕೂರಿಸಿದ್ಯಾ?”

ಆ ಕಡೆ ಬಾಣಲೆ ಕೆಳಗಿಳಿಸಿದ ಸದ್ದು ಕೇಳಿತು. “ಕಟ್ ಮಾಡಿದ್ರೆ ಮಾಡ್ಲಿ, ಮತ್ತೆ ಅವಳೇ ಫೋನ್ ಮಾಡ್ತಾಳೆ ಅಂತಿದ್ದೆ.”

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಒಪ್ಕೊಳ್ಳೇ ಪಾರ್ವತಿ. ಒಪ್ಕೊಂಡೆ ಅಂತ ಹೇಳು, ಹೋಗು. ಪಾಪ, ಹಸಿದಿರ್ತಾರೆ.”

ನಮ್ಮ ಪೆಟ್ಟಿಗೆ ಬೆಲ್ಟಿನ ಮೇಲೆ ಸುತ್ತು ಬರುತ್ತಲೇ ಇತ್ತು. ಅವರಿಬ್ಬರೂ ಮಾತಾಡುತ್ತಲೇ ಇದ್ದರು. ಆ ಮದುವೆಯಲ್ಲಿ ಧಾರೆಯ ಹೊತ್ತಿಗೆ ಮಂಜುಳಾಳ ಪಕ್ಕ ಒಂದು ಕಡೆ ಅವಳ ಅಮ್ಮ, ಇನ್ನೊಂದು ಕಡೆ ನನ್ನ ಅಮ್ಮ ನಿಂತಿದ್ದರು.

ಇದನ್ನು ಬರೆಯುವಾಗಲೂ ಅಮ್ಮ ಒಳಗೆ ಚಿಕ್ಕಮ್ಮನ ಜೊತೆ ಫೋನಿನಲ್ಲಿದ್ದಾಳೆ. ಮಧ್ಯಾಹ್ನ ಎರಡಾಗುತ್ತ ಬಂತು, ಹೊಟ್ಟೆ ಹಸಿದಿದೆ. ಮೊದಲಾಗಿದ್ದರೆ, “ಸಾಕು, ಇಡಮ್ಮ,” ಎಂದು ಕೂಗುತ್ತಿದ್ದೆ. ಈಗ ಸದ್ದಾಗದಂತೆ ತಟ್ಟೆ ತೆಗೆದು, ಮುದ್ದೆ ಸಾರು ನಾನೇ ಬಡಿಸಿಕೊಳ್ಳುತ್ತೇನೆ.