ಸೋರುವ ಹೆಡ್‌ಫೋನು ಮತ್ತು ನಾಗಲದಿನ್ನೆಯ ಹಾಡು

ಮೊಮ್ಮಗಳು ಮೊನ್ನೆ ಹೊಸ ಹೆಡ್‌ಫೋನು ತರಿಸಿಕೊಂಡಳು. ಡಬ್ಬಿ ಬಿಚ್ಚಿದಾಗ ಹೊಸ ಸ್ಪಂಜಿನ ವಾಸನೆ ಘಮ್ಮೆಂದು ಮೂಗಿಗೆ ಬಡಿಯಿತು. "ನೋಡಜ್ಜಿ, ಇದರ ಬೆನ್ನು ತೆರದದ" ಎಂದು ತಿರುಗಿಸಿ ತೋರಿಸಿದಳು. ಕಿವಿಯ ಮೇಲೆ ಕೂರುವ ಬಿಲ್ಲೆಗಳ ಹಿಂದೆ ಚಹಾ ಸೋಸುವ ಜಾಲರಿಯಂಥದು. ಅಗ್ಗಕ್ಕೆ ಸಿಕ್ಕಿತಂತೆ, ಬಯಲಲ್ಲಿ ಕೂತು ಹಾಡು ಕೇಳಿದ ಹಾಗಿರುತ್ತದಂತೆ. "ಒಂದೇ ಐಬು ಅಜ್ಜಿ, ಒಳಗಿನ ದನಿ ಹೊರಗ ಸೋರ್ತದ, ಹೊರಗಿನ ಗದ್ದಲ ಒಳಗ ಬರ್ತದ."

ಐಬಂತೆ! ನನಗೆ ನಗು ತಡೆಯಲಾಗಲಿಲ್ಲ. ಸೋರುವ ಹೆಡ್‌ಫೋನು ನಮ್ಮ ಮನೆಯಲ್ಲಿ ಏನು ಮಾಡಿತೆಂದು ಆ ಹುಡುಗಿಗೆ ಗೊತ್ತಿಲ್ಲ. ನಿಮಗಂತೂ ಗೊತ್ತಿರಲು ಸಾಧ್ಯವೇ ಇಲ್ಲ. ಕೂಡಿ, ಹೇಳುತ್ತೇನೆ.

ಎಂಬತ್ತರ ದಶಕದ ಮಾತು. ನಾನು ಆಂಧ್ರದ ಗಡಿಸೀಮೆಯ ಮದ್ದಿಕೇರದಿಂದ ಅಲ್ಲಿಯದೇ ಆದೋನಿಗೆ ಸೊಸೆಯಾಗಿ ಬಂದು ಇನ್ನೂ ಹೊಸತು. ಮನೆಯಲ್ಲಿ ಮಡಿಯ ಅತ್ತೆ, ಆಫೀಸಿನಿಂದ ಬಂದರೆ ಪೇಪರಿನ ಹಿಂದೆ ಮಾಯವಾಗುವ ನನ್ನ ಯಜಮಾನರು, ಮತ್ತೆ ಮೈದುನ ಪಾಂಡು. ಪಾಂಡು ಹತ್ತಿ ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತ. ಅತ್ತೆಯ ಬಾಯಲ್ಲಿ 'ಅದ' ಆದದ್ದು, ದಿನವಿಡೀ ಪೇಟೆಯವರ ನಡುವೆ ಇರುವ ಅವನ ಬಾಯಲ್ಲಿ 'ಐತಿ' ಆಗಿತ್ತು. ಸಿಟ್ಟು ಬಂದರೆ ಪೂರ್ತಿ ತೆಲುಗು. ಅವನಿಗೆ ಟೇಪ್‌ರಿಕಾರ್ಡರಿನ ಹುಚ್ಚು. ನಡುಮನೆಯ ಪಕ್ಕದ ಉಗ್ರಾಣದ ಗೋಡೆಗಳಿಗೆ ಮನೆಯ ಕೌದಿಗಳನ್ನೆಲ್ಲ ಮೊಳೆ ಹೊಡೆದು, ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟಿದ್ದ. ಆ ಚಳಿಗಾಲ ಗೋಡೆಗಳು ಬೆಚ್ಚಗಿದ್ದವು, ನಾವು ನಡುಗುತ್ತ ಮಲಗಿದೆವು.

ಇನ್ನು ಅತ್ತೆ. ಅವರ ತವರು ಹೊಳೆದಂಡೆಯ ನಾಗಲದಿನ್ನೆ. ಅವರ ತವರಿನಲ್ಲಿ ಹಾಡನ್ನು ಯಾರೂ ಒಬ್ಬರೇ ಹೇಳುತ್ತಿರಲಿಲ್ಲ. ಒಬ್ಬರು ಸೊಲ್ಲು ಎತ್ತಬೇಕು, ಇನ್ನೊಬ್ಬರು ಹಿಡಿಯಬೇಕು. ಹಿರಿಯಳು ಎತ್ತುವುದು, ಕಿರಿಯಳು ಹಿಡಿಯುವುದು. ಇದು ತಪ್ಪುವ ಹಾಗಿಲ್ಲ. ಬೆಳಗಿನ ನೀರಿಗೆ ಹೋಗುವಾಗ ಅತ್ತೆಯೂ ಅವರ ತಾಯಿಯೂ ಹೇಳುತ್ತಿದ್ದ ಒಂದು ಹಾಡಿತ್ತು. ತಾಯಿ ದಂಡೆಯಲ್ಲಿ ನಿಂತು, "ಏಳ ಹೊಳಿಯಮ್ಮಾ, ಕೊಡ ತಂದೀನಿ" ಎಂದು ತುಂಗಭದ್ರೆಯನ್ನು ಕರೆಯಬೇಕು. ಮಗಳು ಹೊಳೆಯಾಗಿ, "ಎದ್ದೀನಿ ಮಗಳಾ, ತುಂಬಿಕೋ" ಎಂದು ಓಗೊಡಬೇಕು. ಲಂಗದ ಹುಡುಗಿ ಹೆತ್ತ ತಾಯಿಯನ್ನೇ ಮಗಳೇ ಎಂದು ಕರೆಯುವುದು! ಅದನ್ನು ಹೇಳುವಾಗಲೆಲ್ಲ ಅತ್ತೆ ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ಆದರೆ ತಾಯಿ ತೀರಿಕೊಂಡ ಮೇಲೆ ಆ ಹಾಡು ಅತ್ತೆಯ ಬಾಯಿಂದ ಹೊರಟಿರಲಿಲ್ಲ. ಎಲ್ಲ ಸೊಲ್ಲುಗಳೂ ಅವರಿಗೆ ಬಾಯಿಪಾಠ. ಆದರೂ ತಾಯಿಯ ಸೊಲ್ಲನ್ನು ತಾವು ಎತ್ತಲು ಮನಸ್ಸು ಬಾರದು. "ಕರಿಯೋರೇ ಇಲ್ಲಂದ್ರ ನಾ ಯಾರಿಗೆ ಓಗೊಡ್ಲಿ?" ಎನ್ನುತ್ತಿದ್ದರು. ಒಂದು ದಿನ ಅಕ್ಕಿ ಆರಿಸುತ್ತ ಸುಮ್ಮನೆ ಅಂದುಬಿಟ್ಟರು: "ನಾ ಹೋದ್ರ ಈ ಹಾಡೂ ನನ್ನ ಜೋಡಿ ಹೋಗ್ತದ ಬಿಡು."

"ನನಗ ಕಲಿಸ್ರಿ ಅತ್ಯಾ" ಎಂದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನನ್ನ ಕಂಠದ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ: ನಾನು ಆರತಿಗೆ ದನಿಗೂಡಿಸಿದರೆ ದೇವರ ಮನೆಯಲ್ಲಿದ್ದವರಿಗೆಲ್ಲ ತಟ್ಟನೆ ಅಡಿಗೆಮನೆಯಲ್ಲಿ ಕೆಲಸ ನೆನಪಾಗುತ್ತಿತ್ತು. "ನೀ ದೀಪದ ಬತ್ತಿ ಚಂದ ಹೊಸಿತೀ ತಾಯಿ" ಎಂದರು ಅತ್ತೆ, ಬಹಳ ಮರ್ಯಾದೆಯಿಂದ.

ಪಾಂಡು ಇದನ್ನೆಲ್ಲ ಕೇಳಿಸಿಕೊಂಡಿದ್ದ. "ಅಮ್ಮಾ, ಕರಿಯೋ ಸೊಲ್ಲು ಮೊದಲು ಟೇಪಿನ್ಯಾಗ ಹೇಳಿಬಿಡು. ಆಮ್ಯಾಲೆ ಅದು ನಿನ್ನ ಕಿವ್ಯಾಗ ಕರೀತೈತಿ, ನೀ ಓಗೊಡು. ಅದನ್ನ ಇನ್ನೊಂದ್ ಟೇಪಿಗೆ ಹಿಡೀತೀನಿ. ಎರಡೂ ಕೂಡ್ಸೋದು ನನಗ ಬಿಡು."

"ಮಷೀನ್ ಕರದ್ರ ನಾ ಓ ಅನ್ಬೇಕೇನೋ? ಮಷೀನೇನು ನನ್ನ ಹಡದದ?"

ಆದರೂ ಅದೇ ವಾರ ಮಗನ ಮಾತಿಗೆ ಒಪ್ಪಿದರು. ಹಾಡು ಉಳಿಯಲಿ ಎಂಬ ಆಸೆ ಅವರನ್ನು ಸುಮ್ಮನಿರಲು ಬಿಡಲಿಲ್ಲವೆಂದು ಕಾಣುತ್ತದೆ. ಪಾಂಡು ಕುಣಿದಾಡುತ್ತ ಯಾರದೋ ದುಬಾರಿ ಹೆಡ್‌ಫೋನು ಬೇಡಿ ತಂದ. ಎರಡು ಕಡೆ ದಪ್ಪ ಕರಿಯ ದಿಂಬು. ಅತ್ತೆ ದೂರದಿಂದಲೇ ಮೂಸಿ, "ಚರ್ಮಾ!" ಎಂದು ಹೌಹಾರಿ ಹಿಂದೆ ಸರಿದರು. ಮಡಿಯಲ್ಲಿರುವವರ ಕಿವಿಗೆ ಚರ್ಮ! ಆ ದಿನ ಪಾಂಡುವಿಗೆ ಊಟಕ್ಕಿಂತ ಬೈಗುಳವೇ ಹೆಚ್ಚು ಬಡಿಸಿದರು.

ಮುಂದಿನ ವಾರ ಅವನು ಗುಂತಕಲ್ಲಿಗೆ ಹೋಗಿ ಇನ್ನೊಂದು ತಂದ. ಅಗ್ಗದ್ದು, ಹಗುರ, ಚರ್ಮದ ಸುಳಿವಿಲ್ಲ. ಹಳದಿ ಸ್ಪಂಜು, ಬೆನ್ನಿಗೆ ಬರೀ ತೂತು. ಈಗ ಸ್ಪಂಜು ಮಡಿಗೆ ಬರುತ್ತದೋ ಇಲ್ಲವೋ ಎಂಬ ಚರ್ಚೆ ಎದ್ದಿತು. ಅದು ಹತ್ತಿಯಲ್ಲ, ರೇಷ್ಮೆಯಲ್ಲ, ಯಾವ ಶಾಸ್ತ್ರಿಗಳ ಬಾಯಲ್ಲೂ ಅದರ ಹೆಸರಿಲ್ಲ. ಕೊನೆಗೆ ಅತ್ತೆಯೇ ದಾರಿ ತೆಗೆದರು. ಉಣ್ಣೆಗೆ ಮೈಲಿಗೆ ತಾಗುವುದಿಲ್ಲ. ಅದಕ್ಕೇ ಅಲ್ಲವೇ ಮಡಿಗೆ ಧಾಬಳಿ ಉಡುವುದು? ತಮ್ಮ ಹಳೆಯ ಧಾಬಳಿಯ ತುಂಡು ಕೊಟ್ಟರು. ನಾನು ಎರಡು ಪುಟ್ಟ ಕುಲಾವಿ ಹೊಲಿದು ಸ್ಪಂಜಿಗೆ ತೊಡಿಸಿದೆ. ಹೆಡ್‌ಫೋನು ಮಡಿಯಾಯಿತು.

ಅಮಾವಾಸ್ಯೆಗೆ ಮಿಲ್ಲಿಗೆ ರಜೆ. ಓಣಿ ನಿಶ್ಶಬ್ದವಾಗಿತ್ತು. ಕೌದಿಗಳ ನಡುವೆ ಮಣೆ ಹಾಕಿಕೊಂಡು ಅತ್ತೆ ಕೂತರು. ಬೆಳಿಗ್ಗೆ ಕರೆಯುವ ಸೊಲ್ಲುಗಳನ್ನು ಹೇಳಿದರು. ಒಂದೊಂದಾದ ಮೇಲೂ ಓಗೊಡುವಷ್ಟು ಜಾಗ ಬಿಟ್ಟು, ತಾಯಿಯ ಕ್ಷಮೆ ಕೇಳುವವರಂತೆ ಕೈಮುಗಿದುಕೊಂಡೇ ಹೇಳಿದರು. ಮಧ್ಯಾಹ್ನ ಪಾಂಡು ಹೆಡ್‌ಫೋನು ಕೈಗಿತ್ತ. ತಾವೇ ಏರಿಸಿಕೊಂಡರು. ಮುಂದೆ ಮೈಕು. ಒಂದು ಮಷೀನು ಹಾಡಲಿಕ್ಕೆ, ಇನ್ನೊಂದು ಹಿಡಿಯಲಿಕ್ಕೆ. ಪಾಂಡು ಎರಡೂ ಗುಂಡಿ ಒತ್ತಿದ. ನಾನು ಹೊಸ್ತಿಲಲ್ಲಿ ಕೂತಿದ್ದೆ.

ಅತ್ತೆಯ ಮುಖದಲ್ಲಿ ನಾನು ಕಂಡದ್ದನ್ನು ಹೇಗೆ ಹೇಳಲಿ? ಮೊದಲು ಹುಬ್ಬು ಗಂಟಾಯಿತು. ಆಮೇಲೆ ಕಣ್ಣುಗಳು ಅಗಲವಾದವು. ನಮ್ಮ ದನಿ ನಮಗೆ ಒಳಗಿನಿಂದ ಕೇಳುವುದೇ ಬೇರೆ, ಹೊರಗಿನಿಂದ ಕೇಳುವುದೇ ಬೇರೆ, ಅಲ್ಲವೇ? ಅತ್ತೆ ತಮ್ಮ ದನಿಯನ್ನು ಹೊರಗಿನಿಂದ ಎಂದೂ ಕೇಳಿದವರಲ್ಲ.

"ಇದು ನಾನಲ್ಲೋ" ಎಂದು ಪಿಸುಗುಟ್ಟಿದರು. "ಪಾಂಡೂ, ಇದು ಅಮ್ಮ. ಇದು ನಮ್ಮಮ್ಮನ ದನಿ!"

ಮುಂದಿನ ಕರೆ ಬಂತು. ಯಾರೂ ಹೇಳದೆಯೇ ಅತ್ತೆಯ ಬಾಯಿಂದ, "ಎದ್ದೀನಿ ಮಗಳಾ, ತುಂಬಿಕೋ" ಎಂದು ಹೊರಟಿತು. ಆ ದನಿ ಅತ್ತೆಯದಲ್ಲ, ಲಂಗದ ಹುಡುಗಿಯದು. ಆ ತೂತುಗಳಿಂದ ಸೋರಿದ ತೆಳು ದನಿ ಹೊಸ್ತಿಲಲ್ಲಿದ್ದ ನನಗೂ ಕೇಳುತ್ತಿತ್ತು. ಒಬ್ಬಳು ಕರೆಯುತ್ತಿದ್ದಳು, ಒಬ್ಬಳು ಓಗೊಡುತ್ತಿದ್ದಳು. ಉಗ್ರಾಣದಲ್ಲಿ ಹಾಡಲು ಕೂತಿದ್ದದ್ದು ಒಬ್ಬರೇ.

ಮುಗಿದ ಮೇಲೆ ಪಾಂಡು ಟೇಪು ಹಚ್ಚಿ ಕೇಳಿ, ನನ್ನ ಕಡೆ ತಿರುಗಿ ತಲೆ ಮೇಲೆ ಕೈ ಹೊತ್ತ. "ಪೋಯಿಂದಿ ವೈನೀ, ಅಂತಾ ಪೋಯಿಂದಿ! ಎಲ್ಲಾ ಹಾಳಾತು. ಕಿವ್ಯಾಗಿನ ದನಿ ಸೋರಿ ಮೈಕಿನ್ಯಾಗ ಬಿದ್ದೈತಿ. ಅಗ್ಗದ್ದು ತಂದ್ರ ಇದೇ ಹಣೆಬರಹ. ಅಳಿಸಿ ಇನ್ನೊಮ್ಮೆ ಮಾಡ್ತೀನಿ."

"ಅಳಿಸಿಗಿಳಿಸಿದಿ ಅಂದ್ರ ನೋಡು!" ಮಡಿ ಗಿಡಿ ಮರೆತು ಅತ್ತೆ ಮಗನ ಕೈ ಗಪ್ಪನೆ ಹಿಡಿದುಕೊಂಡರು. "ಇನ್ನೊಮ್ಮೆ ಹಚ್ಚು."

ಹಚ್ಚಿದ. ಹತ್ತಿರದಲ್ಲಿ ಅತ್ತೆಯ ತುಂಬು ದನಿ. ಅದರ ಹಿಂದೆ, ಬಲು ದೂರದಲ್ಲಿ, ಗಾಳಿಯಲ್ಲಿ ತೇಲಿ ಬರುವಂಥ ಕರೆ.

"ಹಿಂಗೇ ಕೇಳಸ್ತಿತ್ತು" ಎಂದರು ಅತ್ತೆ. ಕಣ್ಣೀರು ಗಲ್ಲದ ಮೇಲೆ ಹರಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಯಿಲ್ಲ. "ನಾ ಮೊಣಕಾಲುದ್ದ ನೀರಾಗ ನಿಂತಿರ್ತಿದ್ದೆ. ಆಕಿ ಮ್ಯಾಲ ದಂಡಿ ಮ್ಯಾಲ. ಬಿಲ್ಕುಲ್ ಹಿಂಗೇ ಕೇಳಸ್ತಿತ್ತು."

ಪಾಂಡು ಎರಡನೆಯ ಸಲ ಆ ಹಾಡು ಹಿಡಿಯಲಿಲ್ಲ. ಅತ್ತೆ ಈಗಿಲ್ಲ. ಪಾಂಡು ಮುದುಕನಾಗುವ ಮುಂಚೆ ಆ ಟೇಪನ್ನು ಫೋನಿಗೆ ಇಳಿಸಿಕೊಟ್ಟ, ಪುಣ್ಯಾತ್ಮ.

ಮೊನ್ನೆ ಅದನ್ನೇ ಮೊಮ್ಮಗಳಿಗೆ ಕೇಳಲು ಕೊಟ್ಟೆ. ಆಕೆ ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿದಳು. ನಾನು ಪಕ್ಕದಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದೆ. ಜಾಲರಿಯಿಂದ ಹಾಡು ಸೋರಿ ಬರುತ್ತಿತ್ತು: ಏಳ ಹೊಳಿಯಮ್ಮಾ, ಕೊಡ ತಂದೀನಿ. ನನ್ನ ಕೈಯಲ್ಲಿ ಬತ್ತಿ ಹಾಗೇ ನಿಂತಿತು.

ಸ್ವಲ್ಪ ಹೊತ್ತಿಗೆ ಹುಡುಗಿ ಕಣ್ಣು ಬಿಟ್ಟು, "ಅಜ್ಜಿ, ಇದರಾಗ ಎರಡೇ ದನಿ ಅದಾವ ಅಂದಿದ್ದಿ. ಮೂರನೇ ದನಿ ಯಾರ್ದು?" ಎಂದಳು.

ನಾನು ಬಾಯಿ ಮುಚ್ಚಿಕೊಂಡೆ. ಟೇಪಿನ ಜೊತೆ ನಾನೂ ಓಗೊಡುತ್ತಿದ್ದದ್ದು ನನಗೇ ಗೊತ್ತಾಗಿರಲಿಲ್ಲ ನೋಡಿ. ನಾಚಿಕೆಯಾಗಿ, "ಒಲಿ ಮ್ಯಾಲ ಹಾಲದಾವ, ನೋಡಿ ಬರ್ತೀನಿ" ಎಂದು ಏಳಹೋದೆ.

ಆಕೆ ಸೆರಗು ಹಿಡಿದು ಜಗ್ಗಿ ಕೂಡಿಸಿದಳು. "ಕೂಡಜ್ಜಿ, ಮೊದಲಿಂದ ಹಚ್ತೀನಿ. ನೀ ಹಿಡಿ, ನಾನೂ ಹಿಡೀತೀನಿ."

ದೂರದಿಂದ ಕರೆ ಬಂತು. ನಾವು ಓಗೊಟ್ಟೆವು.