ಹಟ್ಟಿ ಹಬ್ಬದ ಎರಡು ವಿಡಿಯೊ

ನಮ್ಮ ಶಾಲೆಯ ಮಕ್ಕಳು ಹಿಮ ಬೀಳುವುದನ್ನು ಮೊದಲ ಸಲ ನೋಡಿದ್ದು ನನ್ನ ಇಂಗ್ಲಿಷ್ ಪೀರಿಯಡ್ಡಿನಲ್ಲಿ, ಗೋಡೆಗೆ ಹಾಕಿದ್ದ ದೊಡ್ಡ ಟೀವಿಯಲ್ಲಿ. ಯಾವುದೋ ದೂರದೇಶದ ಕ್ರಿಸ್‌ಮಸ್ ಹಾಡು. ಕೆಂಪು ಟೋಪಿಯ ಮಕ್ಕಳು ಕುಣಿಯುತ್ತಿದ್ದರು, ಮೇಲಿನಿಂದ ಬೆಳ್ಳಗೆ ಉದುರುತ್ತಿತ್ತು. ಕ್ರಿಸ್‌ಮಸ್ ಬರುವ ತನಕ ಕಾಯುವ ತಾಳ್ಮೆ ನನಗೆಲ್ಲಿ? ಶ್ರಾವಣದಲ್ಲೇ ಹಾಕಿಬಿಟ್ಟಿದ್ದೆ.

"ಟೀಚರ್, ಅದು ಹತ್ತಿಯೇನ್ರಿ?" ಎಂದ ಮುಂದಿನ ಬೆಂಚಿನವನೊಬ್ಬ.

ಎಲ್ಲರೂ ನಕ್ಕರು. ನಾನು ಮಾತ್ರ ಅವನನ್ನು ಬೈಯಲಿಲ್ಲ. ನಾನು ಹುಟ್ಟಿ ಬೆಳೆದದ್ದು ಗೋಕಾಕ ಫಾಲ್ಸಿನಲ್ಲಿ. ಅಪ್ಪ ಅಲ್ಲಿಯ ನೂಲಿನ ಮಿಲ್ಲಿನ ಪಾಳಿ ಮುಗಿಸಿ ಬಂದಾಗ ಅವನ ತಲೆ, ಹುಬ್ಬು, ಮೀಸೆಯ ಮೇಲೆಲ್ಲ ಹತ್ತಿಯ ಎಳೆ ಕೂತಿರುತ್ತಿತ್ತು. ಆ ವಯಸ್ಸಿನಲ್ಲಿ ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ನಾನು ಹುಕ್ಕೇರಿಯಲ್ಲಿ ಮನೆ ಮಾಡಿಕೊಂಡು, ದಿನಾ ಬಸ್ಸು ಹಿಡಿದು ಒಂದು ಹಳ್ಳಿಯ ಹೈಸ್ಕೂಲಿಗೆ ಹೋಗುವವಳು. ನನ್ನ ಬಾಯಿ ಜೋರು. ಎಂಟನೆಯ ತರಗತಿಗೆ ನಾನು ಪಾಠ ಮಾಡಿದರೆ ಹತ್ತನೆಯವರೂ ಪುಕ್ಕಟೆ ಕಲಿಯುತ್ತಾರೆ ಎಂದು ಹೆಡ್‌ಮಾಸ್ತರರು ಚೇಷ್ಟೆ ಮಾಡುತ್ತಿದ್ದರು. ಪುಸ್ತಕದ ಇಂಗ್ಲಿಷಿಗೆ ಮಕ್ಕಳು ತೂಕಡಿಸುವುದನ್ನು ನೋಡಿ ನೋಡಿ ತಲೆಕೆಟ್ಟು, ಹಬ್ಬದ ಹಾಡು, ಹಬ್ಬದ ವಿಡಿಯೊ ತೋರಿಸಿ ಕಲಿಸತೊಡಗಿದ್ದೆ. ಹಾಡನ್ನು ನಡುವೆ ನಿಲ್ಲಿಸುತ್ತಿದ್ದೆ, ಮುಂದಿನ ಪದವನ್ನು ಅವರು ಹೇಳಬೇಕು. ಆಮೇಲೆ ಟೀವಿಯ ದನಿ ಪೂರ್ತಿ ತೆಗೆದು ಚಿತ್ರ ಮಾತ್ರ ಬಿಡುತ್ತಿದ್ದೆ. ಯಾರು ಏನು ಮಾಡುತ್ತಿದ್ದಾರೆ ಎಂದು ಅವರೇ ಇಂಗ್ಲಿಷಿನಲ್ಲಿ ಹೇಳಬೇಕು. ಈ ದನಿ ತೆಗೆಯುವ ಆಟ ಮಕ್ಕಳಿಗೆ ಬಲು ಇಷ್ಟ. ನನಗಂತೂ ಏನೋ ಭಾರೀ ಕಂಡುಹಿಡಿದವಳ ಹಾಗೆ ಹೆಮ್ಮೆ.

ದೀಪಾವಳಿ ಹತ್ತಿರ ಬಂದಾಗ ಎಂಟನೆಯವರಿಗೆ ಒಂದು ಕೆಲಸ ಕೊಟ್ಟೆ. ನಿಮ್ಮ ಮನೆಯ ಹಬ್ಬವನ್ನೇ ಎರಡು ನಿಮಿಷ ವಿಡಿಯೊ ಮಾಡಿ, ಮಾಡುತ್ತಲೇ ಇಂಗ್ಲಿಷಿನಲ್ಲಿ ವಿವರಿಸಿ ನನ್ನ ಫೋನಿಗೆ ಕಳಿಸಬೇಕು. ಯಾರದೋ ಹಿಮ ನೋಡಿದ್ದು ಸಾಕು, ಇನ್ನು ನಿಮ್ಮ ಹೋಳಿಗೆ ತೋರಿಸಿ ಎಂದೆ.

ಆ ತರಗತಿಯಲ್ಲಿ ಕುರಿ ಸಾಕುವವರ ಮನೆಯ ಹುಡುಗಿಯೊಬ್ಬಳಿದ್ದಳು. ಹಿಂದಿನ ಬೆಂಚು, ಮೆತ್ತನೆಯ ದನಿ. ಅವಳು ಉತ್ತರ ಹೇಳಿದರೆ ನಾನು ಅವಳ ಬಾಯಿಗೆ ಕಿವಿ ಹಚ್ಚಬೇಕು. ದೀಪಾವಳಿ ಮುಗಿಯಿತೆಂದರೆ ಅವಳ ಅಪ್ಪ ಅವ್ವ ಕುರಿ ಹೊಡೆದುಕೊಂಡು ಮೇವು ಹುಡುಕುತ್ತ ಹೊರಟುಬಿಡುತ್ತಿದ್ದರು, ಮತ್ತೆ ಮಳೆಗಾಲದ ಹೊತ್ತಿಗೇ ಊರು. ಅಲ್ಲಿಯವರೆಗೆ ಅಜ್ಜಿಯ ಜೊತೆ ಅವಳೊಬ್ಬಳೇ. ಹಾಗಾಗಿ ಆ ಮನೆಗೆ ದೀಪಾವಳಿಯೆಂದರೆ ಪಟಾಕಿಯಲ್ಲ, ಹಟ್ಟಿ ಹಬ್ಬ. ಪಾಡ್ಯದ ದಿನ ಕುರಿಹಟ್ಟಿಯಲ್ಲಿ ಸಣ್ಣ ಗಡಿಗೆಯಲ್ಲಿ ಹಾಲು ಉಕ್ಕಿಸಿ, ಕುರಿಗಳ ಹಣೆಗೆ ಅರಿಸಿನದ ಭಂಡಾರ ಹಚ್ಚಿ, ಆರತಿ ಬೆಳಗುತ್ತಾರೆ.

ಅವಳ ವಿಡಿಯೊ ಪಾಡ್ಯದ ದಿನವೇ ಬಂತು. ಒಲೆಯ ಮೇಲೆ ಎಣ್ಣೆ ಇಟ್ಟುಕೊಂಡೇ ನೋಡಿದೆ. ಆರತಿ ಹಿಡಿದ ಅವ್ವ ಹಟ್ಟಿಯ ಸುತ್ತ ನಡೆಯುತ್ತ ಗಂಟಲು ಬಿಚ್ಚಿ ಹಾಡುತ್ತಿದ್ದಳು, ಕುರಿ ಅರಚುತ್ತಿದ್ದವು, ಹುಡುಗಿಯ ಇಂಗ್ಲಿಷ್ ಅದರಲ್ಲಿ ಮುಳುಗಿ ಹೋಗಿತ್ತು. ಒಂದು ಪದ ತಿಳಿಯಲಿಲ್ಲ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಅಂಕ ಬರೆಯುವ ವಹಿಯಲ್ಲಿ ಅವಳ ಹೆಸರಿನ ಮುಂದೆ ಒಂದು ಸಾಲು ಗೀಚಿದೆ. ದನಿ ರೆಕಾರ್ಡ್ ಮಾಡಿ ಅವಳಿಗೆ ಕಳಿಸಿದೆ:

"ಅವ್ವನ ದನಿ ಭಾಳ ಆತವಾ. ನಿಂದು ಏನೂ ಕೇಳವಲ್ದು. ಅವ್ವಗ ಸುಮ್ಮನಿರಾಕ ಹೇಳಿ, ನಾಳೆ ಮತ್ತೊಮ್ಮೆ ಮಾಡಿ ಕಳಸು."

ಮರುದಿನ ಎರಡನೆಯದು ಬಂತು. ಆಹಾ, ಏನು ಸ್ಪಷ್ಟ! ಇದು ನನ್ನ ಅವ್ವ, ಇವು ನಮ್ಮ ಕುರಿಗಳು, ನನ್ನ ಅವ್ವ ಆರತಿ ಬೆಳಗುತ್ತಿದ್ದಾಳೆ ಎಂದು ಎಲ್ಲವನ್ನೂ ಇಂಗ್ಲಿಷಿನಲ್ಲಿ, ತಡವರಿಸದೆ. ಅವ್ವ ಅದೇ ಹಸಿರು ಸೀರೆಯುಟ್ಟು, ಬಾಯಿ ಬಿಗಿಹಿಡಿದು, ಅದೇ ಸುತ್ತು ನಡೆದಿದ್ದಳು. ಹುಕ್ಕೇರಿಯಲ್ಲಿ ನಮ್ಮ ಶಿಕ್ಷಕರ ತರಬೇತಿ ನಡೆದಾಗ ಅದನ್ನು ದೊಡ್ಡ ಪರದೆಯ ಮೇಲೆ ತೋರಿಸಿದೆ. ಚಪ್ಪಾಳೆ ಬಿತ್ತು. ಕುರಿ ಕಾಯುವವರ ಹುಡುಗಿಯ ಬಾಯಲ್ಲಿ ಇಂಥ ಇಂಗ್ಲಿಷ್ ಬರಿಸಿದಿರಲ್ಲ ಎಂದರು. ನಾನು ಉಬ್ಬಿಹೋದೆ. ಪರದೆಯ ಮೇಲಿನ ಆ ಆರತಿಯಲ್ಲಿ ಬತ್ತಿ ಉರಿಯುತ್ತಿರಲಿಲ್ಲ ಎಂಬುದನ್ನು ಅಷ್ಟು ಜನರಲ್ಲಿ ಒಬ್ಬರೂ ನೋಡಲಿಲ್ಲ. ನಾನೂ ನೋಡಲಿಲ್ಲ.

ಕುರಿ ಹೊರಡುವ ಹಿಂದಿನ ದಿನ ಆ ತಾಯಿ ಶಾಲೆಗೆ ಬಂದಳು. ಒಳಗೆ ಬಾ ಎಂದರೂ ಬರದೆ, ಬಾಗಿಲ ಹೊರಗೇ ನಿಂತು ಡಬ್ಬಿಯಲ್ಲಿ ಹೋಳಿಗೆ ಕೊಟ್ಟಳು. ಉದ್ದ ಆಳು, ನಗುಮುಖ.

"ನನ್ನ ಬಾಯಿಗಿ ಬೀಗಾ ಹಾಕಿಸಿದ್ರಲ್ರಿ ಅಕ್ಕೋರ," ಎಂದು ನಕ್ಕಳು. "ಈಗರೆ ಸರಿ ಬಂದೈತೇನ್ರಿ?"

"ಚಲೋ ಬಂದೈತಿ. ಮಂದಿಯೆಲ್ಲಾ ಚಪ್ಪಾಳಿ ಹೊಡದಾರ," ಎಂದು ಫೋನಿನಲ್ಲಿ ತೋರಿಸಿದೆ. ಬಾಯಿ ಮುಚ್ಚಿಕೊಂಡ ತನ್ನನ್ನು ತಾನೇ ನೋಡಿ ಸೆರಗಿನಲ್ಲಿ ನಕ್ಕಳು. ಮುಗಿದ ಮೇಲೆ ಕೇಳಿದಳು:

"ಹಾಡಿದ್ದು ಇಲ್ಲೇನ್ರಿ? ನಾ ಹಾಡಿದ್ದು ನನಗ ಒಮ್ಮೆ ಕೇಳಬೇಕಾಗಿತ್ರಿ."

ಫೋನು ತುಂಬಿತ್ತು. ಒಂದು ತರಗತಿಯ ಮಕ್ಕಳೆಲ್ಲರ ವಿಡಿಯೊ ಬಂದಿತ್ತಲ್ಲ, ಸರಿ ಬಂದವನ್ನು ಉಳಿಸಿ ಮಿಕ್ಕದ್ದನ್ನು ನಾನು ಅಳಿಸಿಹಾಕಿದ್ದೆ. "ಅದನ್ನ ತೆಗದು ಹಾಕೇನವ್ವಾ," ಎಂದೆ.

"ಹೋಗ್ಲಿ ಬಿಡ್ರಿ. ಬರೂ ಹಬ್ಬಕ್ಕ ಮತ್ತ ಹಾಡತೇನಲ್ಲ," ಎಂದಳು. ಡಬ್ಬಿ ತೊಳೆದು ಮಗಳ ಕೈಯಲ್ಲಿ ಕಳಿಸಿ ಎಂದು ಹೇಳಿ ಹೋದಳು.

ಅವಳು ಮತ್ತೆ ಹಬ್ಬ ಕಾಣಲಿಲ್ಲ. ಸಂಕ್ರಾಂತಿಯ ಆಚೀಚೆ, ಮೂಡಲಗಿಯ ಕಡೆ ಕಬ್ಬು ಕಡಿದ ಹೊಲವೊಂದರಲ್ಲಿ ಕುರಿ ನಿಲ್ಲಿಸಿದ್ದಾಗ ಜ್ವರ ಬಂತಂತೆ. ಎರಡು ದಿನ ಜ್ವರದಲ್ಲೇ ಕುರಿಯ ಹಿಂದೆ ನಡೆದಳಂತೆ. ಮೂರನೆಯ ದಿನ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಮುಗಿದು ಹೋಯಿತು. ಸುದ್ದಿ ನನಗೆ ಸ್ಟಾಫ್ ರೂಮಿನಲ್ಲಿ ಸಿಕ್ಕಿತು. ಆ ಡಬ್ಬಿ ಇನ್ನೂ ನನ್ನ ಅಡುಗೆಮನೆಯಲ್ಲೇ ಇತ್ತು, ನಾಳೆ ಕೊಟ್ಟರಾಯಿತು ಎಂದು ಕೊಟ್ಟಿರಲೇ ಇಲ್ಲ.

ದಿನಕರ್ಮ ಮುಗಿದ ಮೇಲೆ ಹುಡುಗಿ ಶಾಲೆಗೆ ಬಂದಳು. ಮಧ್ಯಾಹ್ನ ಊಟದ ಬಿಡುವಿನಲ್ಲಿ ನನ್ನ ಮೇಜಿನ ಹತ್ತಿರ ನಿಂತಳು.

"ಟೀಚರ್, ಮೊದಲಿನ ವಿಡಿಯೊ ಐತೇನ್ರಿ?"

ಅವಳೇ ಹೇಳಿದಳು. ಅಪ್ಪನ ಫೋನಿನಲ್ಲಿ ಅದು ಇಲ್ಲ, ಎರಡನೆಯದಕ್ಕೆ ಜಾಗ ಸಾಲದೆಂದು ತಾನೇ ಅಳಿಸಿದ್ದಳು. ಮರುದಿನ ಆರತಿ ಹಚ್ಚಲು ಅಜ್ಜಿ, ಅವಳ ಬಾಯಲ್ಲಿ ಆಯಿ, ಬಿಟ್ಟಿರಲಿಲ್ಲ. ಪೂಜೆ ಎರಡು ಸಲ ಆಗುವುದಿಲ್ಲ, ಆಟ ಆಡುವುದಿದ್ದರೆ ಆಡಿರಿ ಎಂದು ಬೈದಿದ್ದಳಂತೆ. ಅದಕ್ಕೇ ಅವ್ವ ಬತ್ತಿ ಹಚ್ಚದ ತಟ್ಟೆ ಹಿಡಿದು, ಬಾಯಿ ಮುಚ್ಚಿ ಸುತ್ತಿದ್ದಳು. ಟೀಚರ್ ಹೇಳಿದ್ದಾರೆ ಅಂದ ಮೇಲೆ ಮುಗಿಯಿತಲ್ಲ.

"ಆ ಹಾಡಿನ್ಯಾಗ ಅವ್ವ ನನ್ನ ಹೆಸರೂ ಹಾಕಿದ್ಳಂತ್ರಿ," ಎಂದಳು ಹುಡುಗಿ. "ಕುರಿದೆಲ್ಲಾ ಮುಗಿದ ಮ್ಯಾಲೆ ಕಡೀಕ ನಂದು ಹಾಡಿದ್ಳು ಅಂತಾಳ ಆಯಿ. ಏನ ಹಾಡಿದ್ಳು ಅಂದ್ರ ಆಯಿಗಿ ಕಿವಿ ಮಂದ. ಅಪ್ಪ ಹೊಲದಾಗ ಇದ್ದ. ನಾ ಬಾಜೂಕ ಇದ್ನಿ ಖರೆ, ಇಂಗ್ಲಿಷ್ ಹೇಳಾಕತ್ತಿದ್ನಿ. ತಪ್ಪೀತು ಅಂತ ಅದರ ಕಡೇನ ಲಕ್ಷ್ಯ ಇತ್ರಿ. ಕೇಳಿಸ್ಕೊಳ್ಳಲಿಲ್ರಿ."

ಅಯ್ಯೋ ದೇವರೇ ಎಂದುಕೊಂಡೆ. ನನಗೆ ಅಲ್ಲೇ ಅತ್ತುಬಿಡಬೇಕೆನಿಸಿತು, ಆದರೆ ಅವಳು ಅಳದೆ ನಿಂತಿರುವಾಗ ನಾನು ಅಳುವುದು ಹೇಗೆ? ನೋಡೋಣ ತಡಿ, ಸಿಗಬಹುದು ಎಂದೆ.

ಗೋಕಾಕಿನ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಫೋನಿಗೆ ಅದೇನೇನೋ ವೈರು ಹಚ್ಚಿ, ಒಂದು ತಾಸು ಕೂಡಿಸಿ, ಕೊನೆಗೆ ತಲೆ ಅಲ್ಲಾಡಿಸಿದ. "ಯಾವಾಗರೆ ಹೋತ್ರಿ ಅದು, ಮ್ಯಾಲೆ ಹತ್ತು ಸರತಿ ತುಂಬಸೀರಿ," ಎಂದ. ಅವನ ಮೇಲೆ ಹರಿಹಾಯ್ದೆ. ಏನು ಕಲಿತಿದ್ದೀಯ, ಯಾಕೆ ಅಂಗಡಿ ತೆರೆದಿದ್ದೀಯ ಎಂದೆಲ್ಲ ಅಂದೆ. ಪಾಪ, ಅವನದೇನು ತಪ್ಪು? ಬಸ್ ನಿಲ್ದಾಣಕ್ಕೆ ಬಂದ ಮೇಲೆ ನನಗೇ ನಾಚಿಕೆಯಾಯಿತು.

ಒಂದು ರವಿವಾರ ಹುಡುಗಿಯನ್ನು ಕರೆದುಕೊಂಡು ಮೂಡಲಗಿಗೆ ಹೋದೆ. ಅಲ್ಲಿ ಅವಳ ದೊಡ್ಡವ್ವ, ಅಂದರೆ ಸತ್ತವಳ ಅಕ್ಕ, ಇದ್ದಳು. ತವರಿನ ಹಾಡಾದರೆ ಅಕ್ಕನಿಗೂ ಬರುತ್ತದೆ, ಅವಳಿಂದ ಹಾಡಿಸಿ ರೆಕಾರ್ಡ್ ಮಾಡಿಕೊಂಡರಾಯಿತು ಎಂದು ನನ್ನ ಲೆಕ್ಕ. ಬಸ್ಸಿನ ಹಿಂದೆ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು, ದಾರಿ ಸಾಗಲೇ ಇಲ್ಲ. ಹುಡುಗಿ ಕಿಟಕಿಯ ಹೊರಗೆ ಪ್ರತಿಯೊಂದು ಕುರಿಹಿಂಡನ್ನೂ ಕತ್ತು ಹೊರಳಿಸಿ ನೋಡುತ್ತಿದ್ದಳು.

ದೊಡ್ಡವ್ವ ಚಹಾ ಕೊಟ್ಟಳು, ಹುಡುಗಿಯನ್ನು ತೊಡೆಯ ಮೇಲೆ ಎಳೆದುಕೊಂಡು ಅತ್ತಳು. ಹಾಡಿನ ಮಾತು ತೆಗೆದಾಗ ಹಣೆ ಬಡಿದುಕೊಂಡಳು.

"ಅದು ಕಲಿತ ಹಾಡಲ್ರಿ ಅಕ್ಕೋರ. ಧಾಟಿ ಬೇಕಾದ್ರ ಹಾಡತೇನಿ, ಮಾತು ಮಾತ್ರ ಅಕೀನ ಕಟ್ಟತಿದ್ಳು. ವರ್ಷಾ ಬ್ಯಾರೆ ಬ್ಯಾರೆ. ಆ ವರ್ಷ ಯಾ ಕುರಿ ಈದೈತಿ, ಯಾ ಮರಿಗಿ ಕಾಲು ಕುಂಟ, ಎಲ್ಲಾ ಹೆಸರು ತಗೊಂಡು ಹಾಡಾಕಿ. ಒಮ್ಮೆ ಹಾಡಿದ್ದು ಮತ್ತ ಹಾಡತಿದ್ದಿಲ್ರಿ."

ಅವಳು ಧಾಟಿ ಹಾಡಿದಳು. ಹುಡುಗಿ ಹೌದು, ಇದೇ ಎಂದಳು. ಆದರೆ ಅದರಲ್ಲಿ ಅವಳ ಹೆಸರಿರಲಿಲ್ಲ, ಅವಳ ಅವ್ವನೂ ಇರಲಿಲ್ಲ. ನಾನು ಫೋನನ್ನು ಚೀಲದಿಂದ ತೆಗೆಯಲೇ ಇಲ್ಲ.

ತಿರುಗಿ ಬರುವಾಗ ಹುಡುಗಿ ನನ್ನ ಕಡೆ ತಿರುಗಿ ಕೂತಳು. ಅವಳು ಇಷ್ಟು ದಿನ ಇದನ್ನೇ ಕೇಳಬೇಕೆಂದಿದ್ದಳು ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

"ಟೀಚರ್, ನೀವು ಕೇಳೀರಲ್ರಿ ಅದನ್ನ? ಪೂರ್ತಿ ಕೇಳೀರಲ್ರಿ? ನಂದು ಏನಂತ ಹಾಡಿದ್ಳು, ಒಂದ ನುಡಿ ನೆನಪಿದ್ರ ಹೇಳ್ರಿ."

ಜಗತ್ತಿನಲ್ಲಿ ಆ ಹಾಡನ್ನು ಕೊನೆಯ ತನಕ ಕೇಳಿದವಳು ನಾನೊಬ್ಬಳೇ. ಎರಡು ನಿಮಿಷ ನನ್ನ ಕಿವಿಯ ಹತ್ತಿರವೇ ಹಾಡಿದ್ದಳು ಆ ತಾಯಿ, ನನ್ನದೇ ಕನ್ನಡದಲ್ಲಿ, ತನ್ನ ಮಗಳ ಹೆಸರು ಹಿಡಿದು. ನಾನು ಇಂಗ್ಲಿಷ್ ಹುಡುಕುತ್ತಿದ್ದೆ. ಎಷ್ಟು ತಿಣುಕಾಡಿದರೂ ನನಗೆ ನೆನಪಾಗುವುದು ಒಲೆಯ ಮೇಲಿನ ಎಣ್ಣೆ, ಹಸಿರು ಸೀರೆ, ನನ್ನ ಸಿಟ್ಟು, ಇಷ್ಟೇ. ಸುಳ್ಳು ಹೇಳಿಬಿಡಲೇ ಎನಿಸಿತು. ನನ್ನ ಮಗಳು ಚಿನ್ನ, ನನ್ನ ಮಗಳು ಜಾಣೆ ಎಂದು ಹಾಡಿದಳು ಎನ್ನಬಹುದಿತ್ತು. ಅವಳ ಕಣ್ಣು ನೋಡಿ ಬಾಯಿ ಬರಲಿಲ್ಲ.

"ನೆನಪಿಲ್ಲವ್ವಾ," ಎಂದೆ.

ಆಗ ನನಗೆ ಚೀಲದಲ್ಲಿದ್ದ ಅಂಕದ ವಹಿ ನೆನಪಾಯಿತು. ಅವಳಿಗೆ ಏನಾದರೊಂದು ಕೊಡಬೇಕು, ಏನೂ ಇಲ್ಲವೆನ್ನಬಾರದು ಎಂಬ ಹಳಹಳಿಯಲ್ಲಿ ಯೋಚಿಸದೆ ತೆಗೆದು ಅವಳ ಹೆಸರಿನ ಪುಟ ಬಿಚ್ಚಿಕೊಟ್ಟೆ. ಪಾಡ್ಯದ ದಿನ ನಾನು ಇಂಗ್ಲಿಷಿನಲ್ಲಿ ಗೀಚಿದ ಸಾಲು ಅಲ್ಲಿತ್ತು. ತಾಯಿಯ ದನಿ ತುಂಬಾ ಜೋರು, ಮತ್ತೆ ಮಾಡಿಸಬೇಕು ಎಂದು. ಹುಡುಗಿ ಅದರ ಕೆಳಗೆ ಬೆರಳಿಟ್ಟು, ಒಂದು ಪದವೂ ತಡವರಿಸದೆ, ನಾನು ಕಲಿಸಿದ ಹಾಗೆಯೇ ಗಟ್ಟಿಯಾಗಿ ಓದಿದಳು.

"ಭಾಳ ಜೋರಿತ್ತೇನ್ರಿ ಅವ್ವನ ದನಿ?"

"ಹೂಂನವ್ವಾ. ಭಾಳ ಜೋರಿತ್ತು."

ಅವಳು ಆ ಸಾಲನ್ನು ಇನ್ನೊಮ್ಮೆ ಓದಿಕೊಂಡಳು. ಹುಕ್ಕೇರಿ ಬರುವ ತನಕ ವಹಿಯನ್ನು ತೊಡೆಯ ಮೇಲೆ ಬಿಚ್ಚಿಯೇ ಇಟ್ಟುಕೊಂಡಿದ್ದಳು, ನಾನು ಅದನ್ನು ವಾಪಸು ಕೇಳಲಿಲ್ಲ.