ಮಡಿಗೆ ನಡೆಯುವ ಬಿಸಿ

ಉಪಕಾರ ಮಾಡಬೇಕೆಂಬ ಹುಕಿ ಬಂದವನು ಮೊದಲು ಮರೆಯುವುದು, ತಾನು ಯಾರಿಗೆ ಉಪಕಾರ ಮಾಡಲು ಹೊರಟಿದ್ದೇನೆ ಎಂಬುದನ್ನು. ಇದು ನಾನು ಓದಿ ತಿಳಿದದ್ದಲ್ಲ. ಮೋಟರ್‌ಸೈಕಲ್ಲಿನ ಹಿಡಿಕೆಗೆ ಬಿಸಿ ಬರಿಸಲು ಹೋಗಿ ಕಲಿತದ್ದು.

ಬೈಲಹೊಂಗಲದಲ್ಲಿ ಐಟಿಐ ಹುಡುಗರಿಗೆ ವೈರಿಂಗ್ ಕಲಿಸಿ ನಿವೃತ್ತನಾದವನು ನಾನು. ತಮ್ಮ ಶ್ರೀಪಾದ ಎರಡು ಓಣಿ ಆಚೆ ಇದ್ದಾನೆ. ನಮ್ಮದು ಪೌರೋಹಿತ್ಯದ ಮನೆತನ. ಹಿರಿಯನಾದ ನಾನು ಮಂತ್ರ ಬಿಟ್ಟು ಟೆಸ್ಟರ್ ಹಿಡಿದದ್ದರಿಂದ ಅಪ್ಪ ಮಾಡುತ್ತಿದ್ದ ಪೂಜೆ ತಮ್ಮನ ಕೊರಳಿಗೆ ಬಿತ್ತು. ನೇಸರಗಿ ದಾಟಿದ ಮೇಲೆ ಸಿಗುವ ಸಣ್ಣ ಹಳ್ಳಿಯೊಂದರ ಹನುಮಪ್ಪನಿಗೆ ದಿನಾ ಸೂರ್ಯ ಮೂಡುವ ಹೊತ್ತಿಗೆ ಪೂಜೆಯಾಗಬೇಕು. ಶ್ರೀಪಾದ ಮನೆಯಲ್ಲಿ ಬಿಸಿನೀರಿನ ಸ್ನಾನ ಮುಗಿಸಿ, ಮಡಿಯುಟ್ಟು, ಮೈಗೆ ಉಣ್ಣೆಯ ಧಾಬಳಿ ಸುತ್ತಿಕೊಂಡು ಮೋಟರ್‌ಸೈಕಲ್ ಹತ್ತುತ್ತಾನೆ. ಹತ್ತುವ ಮೊದಲು ಸೀಟಿಗೆ ಒಗೆದ ಪಂಚೆ ಹಾಸುತ್ತಾನೆ, ಹಿಡಿಕೆಗಳಿಗೆ ಒಂದು ತಂಬಿಗೆ ನೀರು ಸುರಿಯುತ್ತಾನೆ. ಪೆಟ್ರೋಲಿನ ಮಡಿಯ ಬಗ್ಗೆ ಯಾವ ಶಾಸ್ತ್ರವೂ ತಲೆ ಕೆಡಿಸಿಕೊಂಡಿಲ್ಲವಾದ್ದರಿಂದ ಗಾಡಿ ಹೇಗೋ ಪಾಸಾಗುತ್ತದೆ.

ಒಂಬತ್ತು ವರ್ಷ ನಾನು ಅವನ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಅಪ್ಪನ ಕರ್ಮಕ್ಕೆ ಕುಳಿತ ದಿನ ಪಂಚೆ ಜಾರೀತೆಂದು ನಾನು ಒಳಗೆ ತೊಗಲಿನ ಬೆಲ್ಟು ಕಟ್ಟಿಕೊಂಡಿದ್ದೆ. ಅದು ಅವನ ಕಣ್ಣಿಗೆ ಬಿತ್ತು. ನೆರೆದ ಬಂಧುಬಳಗದ ಎದುರಿಗೇ, "ಅಣ್ಣಾ, ಮೊದಲ ಅದನ್ನ ಬಿಚ್ಚಿ ಒಗೀ. ಅಪ್ಪಗ ಇಷ್ಟರೆ ಮಾಡು" ಅಂದ. ಬೆಲ್ಟು ಬಿಚ್ಚಿದೆ. ಕರ್ಮ ಮುಗಿಸಿ ಎದ್ದವನು ಮತ್ತೆ ಆ ಕಡೆ ಹೋಗಲಿಲ್ಲ. ಮದುವೆ ಮುಂಜಿಗಳಲ್ಲಿ ಎದುರಾದರೆ ಇಬ್ಬರೂ ಮಳೆಯ ಬಗ್ಗೆ ಮಾತಾಡುತ್ತಿದ್ದೆವು. ಬೈಲಹೊಂಗಲದಲ್ಲಿ ಅಷ್ಟು ಮಾತಾಡುವಷ್ಟು ಮಳೆಯೂ ಬರುವುದಿಲ್ಲ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಡಾಕ್ಟರರ ಬಾಕಿನ ಮೇಲೆ ಅಕ್ಕಪಕ್ಕ ಕುಳಿತೆವು. ನಾನು ಸಕ್ಕರೆ ಕಾಯಿಲೆಗೆ ಬಂದಿದ್ದೆ, ಅವನು ಬೆರಳಿಗೆ. ಚಳಿಗೆ ಅವನ ಬೆರಳುಗಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತಿದ್ದವು. ಡಾಕ್ಟರು ನನ್ನೆದುರೇ ಹೇಳಿದರು: ರಕ್ತನಾಳ ಸೆಟೆದುಕೊಳ್ಳುತ್ತಿವೆ, ಚಳಿಗಾಳಿ, ತಣ್ಣೀರು ಎರಡನ್ನೂ ದೂರ ಇಡಬೇಕು, ಇಲ್ಲದಿದ್ದರೆ ಬೆರಳಿನ ತುದಿಗಳು ಕೈಬಿಡುತ್ತವೆ. ಹೂ ಕಟ್ಟುವ, ಹನುಮಪ್ಪನ ಮುಖಕ್ಕೆ ಸಿಂಧೂರ ತೀಡುವ ಬೆರಳು ಹೋದರೆ ಶ್ರೀಪಾದನಿಗೆ ಉಳಿಯುವುದು ಏನು?

"ಕೈಗವಸು ಹಾಕ್ಕೋ" ಅಂದೆ.

"ಮಡಿಗೆ ಹೊಲಿದದ್ದು ನಡಿಯಂಗಿಲ್ಲ."

"ಧಾಬಳಿ ಉಣ್ಣೀದ ಅದ ಅಲ್ಲ? ಉಣ್ಣಿ ಕೈಗವಸು ಹಾಕ್ಕೋ."

"ಧಾಬಳಿಗೆ ಹೊಲಿಗಿ ಇಲ್ಲಣ್ಣಾ" ಅಂದ, ಮಗುವಿಗೆ ಹೇಳುವಂತೆ.

ಸಿಟ್ಟು ಬಂತು. ಆದರೆ ಒಂಬತ್ತು ವರ್ಷಗಳ ನಂತರದ ಮೊದಲ ವಾದ ಅದು, ಸವಿಯಾಗಿಯೂ ಇತ್ತು. ಅದೇ ವಾರ ಕಿತ್ತೂರಿನ ಹೆದ್ದಾರಿ ಬದಿಯಲ್ಲಿ ಚಹಾ ಕುಡಿಯುವಾಗ ಪುಣೆಯ ಕಡೆಯಿಂದ ಬಂದ ಸವಾರನೊಬ್ಬನ ದೊಡ್ಡ ಗಾಡಿಯನ್ನು ಮುಟ್ಟಿ ನೋಡಿದೆ. ಅದರ ಹಿಡಿಕೆಗಳು ಬೆಚ್ಚಗಿದ್ದವು. ನನಗೆ ದಾರಿ ಸಿಕ್ಕಿತು. ಕೈ ಬರಿದಾಗಿಯೇ ಇರಲಿ, ಬಿಸಿ ಒಳಗಿನಿಂದ ಬರಲಿ! ಮಡಿಯೂ ಉಳಿಯಿತು, ಬೆರಳೂ ಉಳಿಯಿತು. ಅಪ್ಪನ ಶಾಸ್ತ್ರಕ್ಕೂ ನನ್ನ ಐಟಿಐಗೂ ಕೊನೆಗೊಮ್ಮೆ ರಾಜಿ ಮಾಡಿಸುವವನು ನಾನೇ ಎಂದು ಎದೆಯುಬ್ಬಿಸಿಕೊಂಡು ಊರಿಗೆ ಬಂದೆ.

ದಿನಾ ಸಂಜೆ ಅವನ ಅಂಗಳದಲ್ಲಿ ಕೆಲಸ ನಡೆಯಿತು. ಕಾಯಿಲ್ ಒಲೆಯ ಹಳೆಯ ತಂತಿಯನ್ನು ತುಂಡು ಮಾಡಿ, ಶಾಖ ತಡೆಯುವ ಪಟ್ಟಿಯ ಮೇಲೆ ಸುತ್ತಿದೆ. ನೇರ ಬ್ಯಾಟರಿಗೆ ಕೊಟ್ಟಾಗ ರಬ್ಬರಿನ ವಾಸನೆ ಓಣಿಯೆಲ್ಲ ಹಬ್ಬಿತು. ಶ್ರೀಪಾದ ಎದ್ದು ಹೋಗಿ ಕಿಟಕಿ ಮುಚ್ಚಿದ. ಆಮೇಲೆ ಕಂಟ್ರೋಲರ್ ಮಾಡಿದೆ. ಕ್ಷಣಕ್ಕೆ ಹತ್ತಾರು ಸಲ ಕರೆಂಟು ಕೊಟ್ಟು, ಕಡಿದು, ಮತ್ತೆ ಕೊಡುವ ಪುಟ್ಟ ಸರ್ಕ್ಯೂಟು ಅದು. ಕೊಡುವ ಹೊತ್ತು ಹೆಚ್ಚಿದಷ್ಟೂ ಬಿಸಿ ಹೆಚ್ಚು. ಅದಕ್ಕೆ ಸಾಬೂನಿನ ಡಬ್ಬಿಯ ಮನೆ, ಹಳೆಯ ರೇಡಿಯೋದ ತಿರುಗುಬಿರಡೆ. ಬಲಗಡೆಯ ಹಿಡಿಕೆ ಸುಡುತ್ತಿತ್ತು, ಎಡಗಡೆಯದು ತಣ್ಣಗಿತ್ತು. ಬಲಗಡೆ ಆಕ್ಸಿಲರೇಟರಿನ ಪ್ಲಾಸ್ಟಿಕ್ ಕೊಳವೆ ಬಿಸಿಯನ್ನು ಹಿಡಿದಿಟ್ಟರೆ ಎಡಗಡೆ ಬರೀ ಕಬ್ಬಿಣ ಅದನ್ನು ಕುಡಿದುಬಿಡುತ್ತದೆ ಎಂಬುದು ತಿಳಿಯಲು ನನಗೆ ನಾಲ್ಕು ದಿನ ಬೇಕಾಯಿತು. ಇಂಜಿನ್ ಬಂದ್ ಮಾಡಿದರೂ ಹಿಡಿಕೆ ಕಾಯುತ್ತಲೇ ಇದ್ದು ಬ್ಯಾಟರಿ ಸತ್ತು, ಧಾಬಳಿ ಹೊದ್ದ ತಮ್ಮ ನೇಸರಗಿಯ ಏರಿನಲ್ಲಿ ಗಾಡಿ ತಳ್ಳಿದ್ದೂ ಆಯಿತು. ಅದಕ್ಕೂ, ಇಂಜಿನ್ ನಿಂತೊಡನೆ ಕರೆಂಟು ಕಡಿಯುವ ಒಂದು ರಿಲೇ ಕೂಡಿಸಿದೆ.

ಅಪ್ಪನ ಹೋಮ ನೆನಪಾಗುತ್ತಿತ್ತು. ಅಳತೆಯ ಯಾವ ಯಂತ್ರವೂ ಇಲ್ಲದೆ, ಒಂದು ಸಮಿಧೆ ಇತ್ತ ಸರಿಸಿ, ಅರ್ಧ ಚಮಚ ತುಪ್ಪ ತಡೆದು ಅಪ್ಪ ಬೆಂಕಿಯನ್ನು ಹದದಲ್ಲಿ ಇಡುತ್ತಿದ್ದ. ಕೊಡುವುದು, ತಡೆಯುವುದು, ಮತ್ತೆ ಕೊಡುವುದು. ನನ್ನ ಸರ್ಕ್ಯೂಟಿಗೂ ಅಷ್ಟೇ ಗೊತ್ತು. ಅಪ್ಪ ನನಗೆ ಮಾತ್ರ ತಡೆಯುವುದನ್ನೇ ಹೆಚ್ಚು ಮಾಡಿದ. ಚಿಕ್ಕವನಿದ್ದಾಗ ಅವನು ಮಡಿಯಲ್ಲಿರುವಾಗ ಓಡಿ ಹೋದರೆ "ದೂರ ಸರಿ" ಎನ್ನುತ್ತಿದ್ದ. ಆ ಎರಡು ಪದ ನನಗೆ ಇನ್ನೂ ಮಾಸಿಲ್ಲ.

ಕೊನೆಗೆ ತಂತಿ ಮುಚ್ಚಲು ಒಂದು ಹೊದಿಕೆ ಬೇಕಾಯಿತು. ರಬ್ಬರು ಜಾರುತ್ತಿತ್ತು, ಟೇಪು ಅಂಟುತ್ತಿತ್ತು. ಪೇಟೆಯಲ್ಲಿ ಚಪ್ಪಲಿ ಹೊಲಿಯುವ ಗೆಳೆಯನಿಂದ ಎಳೆಯ ತೊಗಲಿನ ಪಟ್ಟಿ ತಂದು ಒತ್ತಾಗಿ ಸುತ್ತಿದೆ. ಎಷ್ಟು ಚಂದ ಕೂತಿತ್ತೆಂದರೆ ನಾನೇ ಎರಡು ಸಲ ಸವರಿದೆ. ಶ್ರೀಪಾದ ಅದನ್ನು ಒಂದು ಗಳಿಗೆ ನೋಡಿ, ಕೈಯಿಟ್ಟು, "ಭಾಳ ಛಲೋ ಆಗ್ಯದ ಅಣ್ಣಾ" ಅಂದ.

ಓದುಗರಿಗೆ ಈಗಾಗಲೇ ತಿಳಿದಿದೆ. ನನಗೆ ತಿಳಿಯಲಿಲ್ಲ. ಇಡೀ ಚಳಿಗಾಲ ತಿಳಿಯಲಿಲ್ಲ. ಅಷ್ಟೂ ದಿನ ಸಂಜೆ ಹೋಗಿ ಸ್ಕ್ರೂ ಬಿಗಿದು, ಚಹಾ ಕುಡಿದು, ಕಂಡವರಿಗೆಲ್ಲ ನನ್ನ ಕಂಟ್ರೋಲರಿನ ಪ್ರವರ ಒಪ್ಪಿಸಿ ಬರುತ್ತಿದ್ದೆ. ಶಿವರಾತ್ರಿಗೆ ಇನ್ನೂ ವಾರವಿರುವಾಗ, ನನ್ನ ಕೈಕೆಲಸದ ಪ್ರತಾಪ ಕಣ್ಣಾರೆ ನೋಡೋಣವೆಂದು ಮೊದಲ ಬಸ್ಸು ಹಿಡಿದು ಗುಡಿಗೆ ಹೋದೆ. ಶ್ರೀಪಾದ ಒಳಗಿದ್ದ. ಗುಡಿಯ ಬಾವಿಯ ಪಕ್ಕದ ಹೊಲದ ಬಸಪ್ಪ ನನ್ನ ಗುರುತು ಹಿಡಿದು ಬಂದ.

"ನಿಮ್ಮ ತಮ್ಮಗ ನೀವರ ಒಂದೀಟ ಹೇಳ್ರಿ. ಈ ಥಂಡ್ಯಾಗ ದಿನಾ ಬಾವಿ ನೀರಾಗ ಜಳಕಾ ಮಾಡಾಕ ಹತ್ಯಾರ್ರಿ. ಮೊದಲ ಮನಿಯಾಗ ಮಾಡಕೊಂಡ ಬರತಿದ್ರು. ಈಗ ಗಾಡಿ ನಿಂದರಿಸಿದವರ ಸೀದಾ ಬಾವಿಗೆ ಬರತಾರ. ಯಾಕ್ರಿ ಆಚಾರ್ರ ಅಂದ್ರ, ತೊಗಲ ಮುಟ್ಟೇನಿ, ಮಡಿ ಹೋತು ಅಂತಾರ."

ನಾನು ಗಾಡಿಯ ಕಡೆ ನೋಡಿದೆ. ಹಿಡಿಕೆಗಳು ಬಿಸಿಲಿಗೆ ಮಿರಿಮಿರಿ ಮಿಂಚುತ್ತಿದ್ದವು. ಮಡಿಯ ಮನೆಯಲ್ಲಿ ಹುಟ್ಟಿ, ತೊಗಲಿನ ಬೆಲ್ಟಿಗಾಗಿ ಒಂಬತ್ತು ವರ್ಷ ತಮ್ಮನ ಮೇಲೆ ಮುನಿದವನು ನಾನು. ಅದನ್ನೇ ಅವನ ಎರಡೂ ಅಂಗೈಗೆ ಸುತ್ತಿ ಕೊಟ್ಟಿದ್ದೆ. ಮರೆತೆನೋ, ಮರೆಯುವುದು ಬೇಕಾಗಿತ್ತೋ? ಪ್ರಾಮಾಣಿಕವಾಗಿ ಹೇಳುತ್ತೇನೆ, ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂಬುದೇ ನನಗೆ ನಾಚಿಕೆ.

ಪೂಜೆ ಮುಗಿಸಿ ಹೊರಬಂದವನ ಕೈ ಹಿಡಿದು ನೋಡಿದೆ. ಮಡಿ ಮುಗಿದಿತ್ತು, ಮುಟ್ಟಬಹುದಿತ್ತು. ಎಡಗೈಯ ಎರಡು ಬೆರಳ ತುದಿ ಕಪ್ಪಿಟ್ಟಿದ್ದವು. ಒತ್ತಿದರೂ ಅವನು ಅವುಗಳತ್ತ ನೋಡಲಿಲ್ಲ. ಒತ್ತಿದ್ದು ಅವನಿಗೆ ತಿಳಿದಿರಲಿಲ್ಲ.

"ಹೇಳಲಿಕ್ಕೆ ಏನಾಗಿತ್ತೋ ನಿನಗ?" ಎಂದು ಗದರಿದೆ.

ಅವನು ಕೈ ಹಿಂದಕ್ಕೆ ಎಳೆದುಕೊಂಡು, "ಒಂದ ಬೆಲ್ಟಿನ ಮಾತಿಗೆ ಒಂಬತ್ತು ವರ್ಷ ಬರಲಿಲ್ಲ ನೀ. ಇದನ್ನೂ ಹೇಳಿದ್ರ?" ಅಂದ.

ಮನೆಗೆ ಬಂದ ಮೇಲೆ ಅವನ ಹೆಂಡತಿ ಒಗೆದ ಹಳೆಯ ಪಂಚೆಯೊಂದನ್ನು ಪಟ್ಟಿಪಟ್ಟಿಯಾಗಿ ಹರಿದು ಕೊಟ್ಟಳು. ತೊಗಲು ಕಿತ್ತು ಆ ಅರಿವೆ ಸುತ್ತಿದೆ. ಚಂದವಿಲ್ಲ, ಆದರೆ ಮಡಿಗೆ ನಡೆಯುತ್ತದೆ. ಈ ಚಳಿಗಾಲ ಅವನದು ಒಂದೇ ಸ್ನಾನ, ಬಿಸಿನೀರಿನದು. ಆ ಎರಡು ಬೆರಳಿಗೆ ಮಾತ್ರ ಜೀವ ತಿರುಗಿ ಬರಲಿಲ್ಲ. ಹೂವನ್ನು ಈಗ ಹೆಂಡತಿ ಕಟ್ಟಿ ಕೊಡುತ್ತಾಳೆ. ಕಂಟ್ರೋಲರು ಯಾವ ತಕರಾರೂ ಇಲ್ಲದೆ ಓಡುತ್ತಿದೆ. ತಕರಾರಿಲ್ಲದ ಮೇಲೆ ನಾನು ಸಂಜೆ ಹೋಗುವುದು ಯಾವ ನೆಪದಿಂದ? ಮೂರು ವಾರ ಹೋಗಲಿಲ್ಲ.

ನಿನ್ನೆ ಫೋನು ಬಂತು. "ಅಣ್ಣಾ, ಎಡಗಡೀದು ಯಾಕೋ ಬಿಸಿ ಆಗವಲ್ದು. ಒಂದೀಟು ಬಂದು ನೋಡ್ತಿಯೇನು?"

ಹೋಗಿ ಗಾಡಿ ಚಾಲೂ ಮಾಡಿ ಕೈಯಿಟ್ಟೆ. ಹದವಾಗಿ ಬಿಸಿಯಾಗಿತ್ತು. ಶ್ರೀಪಾದ ಆಕಾಶ ನೋಡುತ್ತ ನಿಂತಿದ್ದ. ನಾನು ಡಬ್ಬಿಯ ನಾಲ್ಕೂ ಸ್ಕ್ರೂ ಬಿಚ್ಚಿ, ಒಳಗೆಲ್ಲ ನೋಡಿ, ಒಂದೊಂದಾಗಿ ಮತ್ತೆ ಹಾಕಿದೆ.

"ಲೂಜ್ ಆಗಿತ್ತು" ಅಂದೆ.